ಮೋಟರಿಗೆ ಐದು ವರ್ಷ, ಬುಷ್‌ಗೆ ಯಾರು ಹೊಣೆ?

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಅಡುಗೆಮನೆಯ ತಕರಾರುಗಳಿಗೇ ದೊಡ್ಡ ಪಾಲು. ಅವುಗಳಲ್ಲಿ ಒಂದು ಪ್ರಶ್ನೆ ಬೇರೆ ಬೇರೆ ಕೈಬರಹದಲ್ಲಿ ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. ‘ಐದು ವರ್ಷ ವಾರಂಟಿ ಅಂತ ಹೇಳಿ ಮಿಕ್ಸಿ ಮಾರಿದರು. ಮೂರನೇ ವರ್ಷಕ್ಕೇ ಜಾರ್ ತಿರುಗುತ್ತಿಲ್ಲ. ಸರ್ವಿಸ್ ಸೆಂಟರಿಗೆ ಹೊತ್ತುಕೊಂಡು ಹೋದರೆ ದುಡ್ಡು ಕಟ್ಟಿ ಅನ್ನುತ್ತಾರೆ. ಇದು ಮೋಸ ಅಲ್ಲವೇ?’ ಮಿಕ್ಸಿಯ ಜಾಗದಲ್ಲಿ ಒಮ್ಮೊಮ್ಮೆ ಗ್ರೈಂಡರ್ ಇರುತ್ತದೆ, ಒಮ್ಮೊಮ್ಮೆ ಇಂಡಕ್ಷನ್ ಸ್ಟವ್. ಸಿಟ್ಟು ಮಾತ್ರ ಒಂದೇ.

ಕಾನೂನಿನ ಲೆಕ್ಕದಲ್ಲಿ ಬಹಳ ಸಲ ಅದು ಮೋಸ ಆಗುವುದಿಲ್ಲ. ಆದರೆ ಅರ್ಧ ಮಾತನ್ನು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದು, ಇನ್ನರ್ಧವನ್ನು ಒಳಗಿನ ಕಾರ್ಡಿನಲ್ಲಿ ಕನ್ನಡಕ ಹಾಕಿಕೊಂಡರೂ ಕಾಣದಷ್ಟು ಸಣ್ಣದಾಗಿ ಅಚ್ಚು ಹಾಕಿರುತ್ತಾರೆ. ಡಬ್ಬಿಯ ಮೇಲಿನ ಆ ‘5 ವರ್ಷ’ ಸಾಮಾನ್ಯವಾಗಿ ಮೋಟರಿಗೆ ಮಾತ್ರ. ಇಡೀ ಮಿಕ್ಸಿಗೆ ಇರುವುದು ಒಂದೋ ಎರಡೋ ವರ್ಷ. ಜಾರಿನ ಬ್ಲೇಡು, ಬುಷ್, ಕಪ್ಲರ್, ವಾಷರ್, ಮುಚ್ಚಳದ ರಬ್ಬರ್ ಇವೆಲ್ಲ ಸವೆಯುವ ಭಾಗಗಳು ಅನ್ನಿಸಿಕೊಂಡು ಎಷ್ಟೋ ಕಾರ್ಡುಗಳಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಮಿಕ್ಸಿ ಮೊದಲು ಕೈಕೊಡುವುದೋ ಇದೇ ಭಾಗಗಳಲ್ಲಿ. ಉದ್ದದ ಭರವಸೆ ಸಿಗುವುದು ಕಡಿಮೆ ಕೆಡುವ ಭಾಗಕ್ಕೆ, ಹೆಚ್ಚು ಕೆಡುವ ಭಾಗಕ್ಕೆ ಗಿಡ್ಡ ಭರವಸೆ ಇಲ್ಲವೇ ಏನೂ ಇಲ್ಲ. ವಾರಂಟಿಯನ್ನು ವರ್ಷ ಎಣಿಸಿ ಅಳೆಯಬೇಡಿ, ಯಾವ ಭಾಗಕ್ಕೆ ಅಂತ ಕೇಳಿ ಅಳೆಯಿರಿ. ಈ ವಾರ ನಾನು ಹೇಳಹೊರಟಿರುವುದು ಇಷ್ಟೇ. ಉಳಿದದ್ದೆಲ್ಲ ಇದರ ವಿವರಣೆ.

ನಮ್ಮ ಬಿನ್ನಿಪೇಟೆಯಲ್ಲಿ ಇದನ್ನು ಕಣ್ಣಾರೆ ನೋಡಬೇಕೆಂದರೆ ಯಾವುದಾದರೂ ಮಿಕ್ಸಿ ರಿಪೇರಿ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತರೆ ಸಾಕು. ಮಾಗಡಿ ರಸ್ತೆ ಕಡೆಗೆ ಹೋಗುವ ಅಡ್ಡರಸ್ತೆಯಲ್ಲಿ ಅಂಥದ್ದೊಂದು ಅಂಗಡಿಗೆ ನಾನು ಆಗಾಗ ಹೋಗುತ್ತಿರುತ್ತೇನೆ. ಅಲ್ಲಿಯವರು ಯಾವ ಮಿಕ್ಸಿ ತಂದರೂ ಮೊದಲು ಕೇಳುವುದು ‘ವಾರಂಟಿ ಇದ್ಯಾ ಅಕ್ಕ?’ ಅಂತ. ಇದ್ದರೆ ಮೋಟರಿನ ಸ್ಕ್ರೂ ಮುಟ್ಟುವುದಿಲ್ಲ. ಹೊರಗಿನವರು ಬಿಚ್ಚಿದ ಗುರುತು ಕಂಡರೆ ಕಂಪನಿಯವರು ಕೈಯೆತ್ತುತ್ತಾರೆ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತು. ಆಮೇಲೆ ಜಾರನ್ನು ತಲೆಕೆಳಗು ಮಾಡಿ ಅಡಿಯ ಕಪ್ಲರನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸುತ್ತಾರೆ. ಸರಾಗವಾಗಿ ತಿರುಗಿದರೆ ತೊಂದರೆ ಬೇರೆ ಕಡೆ ಇದೆ. ಮಿಸುಕದಿದ್ದರೆ ತೀರ್ಪು ಅಲ್ಲೇ ಆಯಿತು: ‘ಮೋಟರ್‌ಗೆ ಏನೂ ಆಗಿಲ್ಲ, ಬುಷ್ ಹಿಡ್ಕೊಂಡಿದೆ.’

ಬ್ಲೇಡು ಬಿಚ್ಚಿದಾಗ ಅದರಡಿ ಕಾಣುವ ಕಪ್ಪು ಮಸಿಯನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಹುಣಸೆ, ಮೆಣಸಿನಕಾಯಿ, ಕಾಯಿಯ ಜಿಡ್ಡು, ನೀರು ಎಲ್ಲ ಸೇರಿ ತುಕ್ಕಿನ ಜೊತೆ ಗಟ್ಟಿಯಾಗಿರುತ್ತದೆ. ಜಾರಿನ ತಳದಲ್ಲಿ ಲೋಹದ ಸಣ್ಣ ಬುಷ್ ಒಂದಿರುತ್ತದೆ. ಬ್ಲೇಡನ್ನು ಹೊತ್ತ ಕಡ್ಡಿ ತಿರುಗುವುದು ಅದರೊಳಗೆ. ಮೇಲಿನಿಂದ ನೀರು ಇಳಿಯದಂತೆ ತಡೆಯಲು ಒಂದು ವಾಷರ್. ವಾಷರ್ ಸವೆದ ಮೇಲೆ ಚಟ್ನಿಯ ನೀರು ಕಡ್ಡಿಯ ಜಾಡು ಹಿಡಿದು ಇಳಿದು ಬುಷ್‌ನ ಎಣ್ಣೆಯನ್ನು ತೊಳೆದುಹಾಕುತ್ತದೆ. ಒಣಗಿದ ಬುಷ್ ಕಡ್ಡಿಯನ್ನು ಬಿಗಿಯಾಗಿ ಹಿಡಿಯುತ್ತದೆ. ಕೆಳಗಿನ ಮೋಟರ್ ತಿರುಗಲೇಬೇಕೆಂದು ಒದ್ದಾಡಿ, ಹೆಚ್ಚು ಕರೆಂಟು ಎಳೆದು ಬಿಸಿಯಾಗುತ್ತದೆ. ಮಿಕ್ಸಿಯ ಅಡಿಯಲ್ಲಿರುವ ಸಣ್ಣ ಓವರ್‌ಲೋಡ್ ಗುಂಡಿ, ಹೆಚ್ಚಿನವುಗಳಲ್ಲಿ ಕೆಂಪು ಬಣ್ಣದ್ದು, ಆಗ ಹೊರಗೆ ಹಾರಿ ಕರೆಂಟು ಕಡಿಯುತ್ತದೆ. ಗುಂಡಿ ಒತ್ತಿ ಮತ್ತೆ ಓಡಿಸುತ್ತೇವೆ. ಅದು ಮತ್ತೆ ಹಾರುತ್ತದೆ, ನಾವು ಮತ್ತೆ ಒತ್ತುತ್ತೇವೆ. ಕೊನೆಗೊಂದು ದಿನ ವೈಂಡಿಂಗ್ ಸುಟ್ಟ ವಾಸನೆ.

ಸರ್ವಿಸ್ ಸೆಂಟರಿನಲ್ಲಿ ಜಗಳ ಶುರುವಾಗುವುದು ಇಲ್ಲಿಂದ. ನಿಮ್ಮ ಕೈಯಲ್ಲಿ ಮೋಟರಿನ 5 ವರ್ಷದ ಕಾರ್ಡು ಇದೆ. ಅವರ ಕಾರ್ಡಿನ ಹಿಂದುಗಡೆ ‘ಅತಿಯಾದ ಲೋಡಿನಿಂದಾದ ಹಾನಿಗೆ ವಾರಂಟಿ ಇಲ್ಲ’ ಅಂತ ಇದೆ. ಮೋಟರ್ ಸುಟ್ಟಿದ್ದು ಲೋಡಿನಿಂದ, ಲೋಡ್ ಬಂದದ್ದು ಬುಷ್‌ನಿಂದ, ಬುಷ್‌ಗೆ ವಾರಂಟಿ ಮುಗಿದಿದೆ. ಮೂರೂ ನಿಜ, ಆದರೆ ನೂರಿನ್ನೂರು ರೂಪಾಯಿಯ ರಿಪೇರಿಯಲ್ಲಿ ಮುಗಿಯುತ್ತಿದ್ದದ್ದು ಸಾವಿರಕ್ಕೆ ಏರಿರುತ್ತದೆ. ಹಾಗಾಗಿ ಮೋಟರಿನ ವಾರಂಟಿ ಉಳಿಸಿಕೊಳ್ಳಬೇಕಾದರೆ ನೋಡಿಕೊಳ್ಳಬೇಕಾದ್ದು ಜಾರನ್ನು. ಜಾರ್ ತೊಳೆದ ಮೇಲೆ ನೀರಿನಲ್ಲಿ ನೆನೆಹಾಕದೆ ಬೋರಲು ಹಾಕಿ ಒಣಗಿಸಿ. ಆಗಾಗ ಜಾರನ್ನು ಮಿಕ್ಸಿಯಿಂದ ತೆಗೆದು ಅಡಿಯ ಕಪ್ಲರನ್ನು ಕೈಯಲ್ಲಿ ತಿರುಗಿಸಿ ನೋಡಿ. ಬಿಗಿ ಅನ್ನಿಸಿದ ದಿನವೇ ಜಾರನ್ನು ರಿಪೇರಿಗೆ ಒಯ್ಯಿರಿ. ಓವರ್‌ಲೋಡ್ ಗುಂಡಿ ಹಾರಿದರೆ ಸ್ವಲ್ಪ ಹೊತ್ತು ತಣ್ಣಗಾಗಲು ಬಿಟ್ಟು, ಯಾಕೆ ಹಾರಿತು ಅಂತ ಜಾರಿನಲ್ಲಿ ಹುಡುಕಿ. ಅಂದಹಾಗೆ, ಪ್ಲಾಸ್ಟಿಕ್ ಕಪ್ಲರ್ ಮುರಿದರೆ ಕಂಪನಿಯನ್ನು ಬೈಯಬೇಡಿ. ಮೇಲೆ ಬ್ಲೇಡು ಸಿಕ್ಕಿಹಾಕಿಕೊಂಡಾಗ ಅದು ಮುರಿದು ಮೋಟರನ್ನು ಉಳಿಸುತ್ತದೆ.

ಮೋಟರಿಗೆ ಇಷ್ಟೊಂದು ಮೆರವಣಿಗೆ ಯಾಕೆ ಅನ್ನುವುದಕ್ಕೆ ಒಂದು ಹಳೆಯ ಕಥೆಯಿದೆ. ಮುಂಬೈಯಲ್ಲಿ ಸೀಮೆನ್ಸ್ ಕಂಪನಿಯ ಎಂಜಿನಿಯರ್ ಆಗಿದ್ದ ಸತ್ಯಪ್ರಕಾಶ್ ಮಾಥುರ್ ಅವರ ಮನೆಯಲ್ಲಿ 1960ರ ದಶಕದಲ್ಲಿ ಜರ್ಮನಿಯ ಬ್ರಾನ್ ಮಿಕ್ಸರ್ ಇತ್ತು. ನಮ್ಮ ಮಸಾಲೆ ಅರೆದೂ ಅರೆದೂ ಅದರ ಮೋಟರ್ ಸುಟ್ಟಿತು. ಇಲ್ಲಿ ರಿಪೇರಿಗೆ ದಾರಿಯಿರಲಿಲ್ಲ. ಪತ್ನಿ ಮಾಧುರಿ ಅವರ ಒತ್ತಾಯಕ್ಕೆ ಮಾಥುರ್ ನಮ್ಮ ಅಡುಗೆಗೆ ತಡೆಯುವ ಬಲವಾದ ಮೋಟರಿನ ಯಂತ್ರವೊಂದನ್ನು ತಾವೇ ರೂಪಿಸಿದರು. ಅದೇ ಮುಂದೆ ‘ಸುಮೀತ್’ ಆಗಿ ಮನೆಮನೆಯ ಒರಳುಕಲ್ಲನ್ನು ಹಿತ್ತಲಿಗೆ ದೂಡಿತು. ಯುರೋಪಿನ ಮಿಕ್ಸರು ಮಾಡಿದ್ದು ಹಣ್ಣು, ಕೆನೆ, ಮೆತ್ತನೆ ಹಿಟ್ಟಿಗೆ. ನಮಗೆ ಬೇಕಾದದ್ದು ಒಣಮೆಣಸಿನಕಾಯಿ, ಕೊತ್ತಂಬರಿ ಬೀಜ, ಕೊಬ್ಬರಿ, ಉದ್ದಿನಹಿಟ್ಟು. ಅಂದಿನಿಂದ ‘ಮೋಟರ್ ಸುಡುವುದಿಲ್ಲ’ ಅನ್ನುವುದೇ ಈ ವ್ಯಾಪಾರದ ಮುಖ್ಯ ಮಾತು. ಇವತ್ತು ಮೋಟರುಗಳು ಸುಧಾರಿಸಿವೆ, ಆದರೂ ಜಾಹೀರಾತು ಅದೇ ಮಾತನ್ನು ಜಗ್ಗುತ್ತಿದೆ.

ಕಾರ್ಡಿನ ಹಿಂಬದಿಯಲ್ಲಿ ಇನ್ನೂ ಏನೇನಿದೆ? ಮಿಕ್ಸಿಯ ಅಡಿಯ ಫಲಕದಲ್ಲಿ ವೋಲ್ಟೇಜು, ವ್ಯಾಟುಗಳ ಜೊತೆಗೆ ‘30 ನಿಮಿಷ’ ಎಂಬಂಥ ಅಂಕಿ ಎಷ್ಟೋ ಮಾದರಿಗಳಲ್ಲಿ ಇರುತ್ತದೆ. ಎಷ್ಟು ಹೊತ್ತು ಓಡಿಸಿ ಎಷ್ಟು ಹೊತ್ತು ಬಿಡಬೇಕು ಅನ್ನುವುದು ಕೈಪಿಡಿಯಲ್ಲಿರುತ್ತದೆ. ಹಬ್ಬದ ಹಿಂದಿನ ದಿನ ಅದನ್ನು ಯಾರೂ ಲೆಕ್ಕಿಸುವುದಿಲ್ಲ, ಕಂಪನಿ ಲೆಕ್ಕಿಸುತ್ತದೆ. ವೋಲ್ಟೇಜ್ ಏರಿಳಿತದಿಂದ ಸುಟ್ಟರೆ ಹೊಣೆ ಅವರದಲ್ಲ. ಇಂಡಕ್ಷನ್ ಸ್ಟವ್‌ನ ಗಾಜು ಒಡೆದರೆ ಸಾಮಾನ್ಯವಾಗಿ ನಿಮ್ಮದೇ ಖರ್ಚು. ಜಿರಲೆಯಿಂದಾದ ಹಾನಿಯನ್ನೂ ಹಲವು ಕಾರ್ಡುಗಳು ಹೊರಗಿಡುತ್ತವೆ. ಇದು ಸುಮ್ಮನೆ ಬರೆದದ್ದಲ್ಲ. ಸ್ಟವ್ ಆರಿದ ಮೇಲೂ ಒಳಗೆ ಬೆಚ್ಚಗಿರುತ್ತದೆ, ಫ್ಯಾನಿನ ತೂತಿನಿಂದ ಒಳಗೆ ದಾರಿ ಇದೆ. ಜಿರಲೆ ಬೋರ್ಡಿನ ಮೇಲೆ ಸಂಸಾರ ಹೂಡಿ, ಒಂದು ದಿನ ಶಾರ್ಟ್ ಆಗುತ್ತದೆ. ಕುಕ್ಕರಿಗೆ 5 ವರ್ಷ ಅಂದರೂ ಅದು ಪಾತ್ರೆಗೆ. ಗ್ಯಾಸ್ಕೆಟ್ಟು, ಸೇಫ್ಟಿ ವಾಲ್ವು, ಹಿಡಿಕೆಗಳು ಬಹುತೇಕ ಅದರಲ್ಲಿ ಸೇರುವುದಿಲ್ಲ. ಬೇರೆ ಕಂಪನಿಯ ಗ್ಯಾಸ್ಕೆಟ್ ಹಾಕಿದರೆ ಪಾತ್ರೆಯ ವಾರಂಟಿಯೂ ಹೋಗಬಹುದು.

ಇನ್ನೊಂದು ಷರತ್ತು ನಮ್ಮ ಭಾಗದ ಬಹಳ ಹೆಂಗಸರಿಗೆ ಗೊತ್ತಿರಬೇಕಾದ್ದು. ಬಿನ್ನಿ ಮಿಲ್ಲು ಮುಚ್ಚಿ, ಆ ಜಾಗದಲ್ಲಿ ಅಪಾರ್ಟ್‌ಮೆಂಟುಗಳೂ ಮಾಲೂ ಎದ್ದ ಮೇಲೆ ಇಲ್ಲಿ ಹೊಸದೊಂದು ದುಡಿಮೆ ಹುಟ್ಟಿಕೊಂಡಿದೆ. ಮನೆಯಲ್ಲೇ ದೋಸೆಹಿಟ್ಟು ಅರೆದು ಪೊಟ್ಟಣ ಕಟ್ಟಿ ಮಾರುವುದು, ಚಪಾತಿ, ಚಟ್ನಿಪುಡಿ, ಬ್ಯಾಚುಲರುಗಳಿಗೆ ಡಬ್ಬಿ ಊಟ. ಮನೆಬಳಕೆಯ ಟೇಬಲ್‌ಟಾಪ್ ಗ್ರೈಂಡರ್ ದಿನಕ್ಕೆ ಮೂರು ನಾಲ್ಕು ಸಲ ತಿರುಗುತ್ತದೆ. ವಾರಂಟಿ ಕಾರ್ಡಿನ ಪ್ರಕಾರ ಇದು ವಾಣಿಜ್ಯ ಬಳಕೆ, ವಾರಂಟಿ ರದ್ದು. ಆದರೆ ಕಾನೂನು ಬೇರೆ ರೀತಿ ಯೋಚಿಸುತ್ತದೆ. ಹೊಟ್ಟೆಪಾಡಿಗಾಗಿ ಸ್ವಂತ ದುಡಿಮೆಗೆ ಮಾತ್ರ ಬಳಸುವ ವಸ್ತುವನ್ನು ಕೊಂಡವರು ಗ್ರಾಹಕರೇ ಎಂದು ಗ್ರಾಹಕ ರಕ್ಷಣಾ ಕಾಯ್ದೆ ಸ್ಪಷ್ಟವಾಗಿ ಹೇಳಿದೆ. ಅಂದರೆ ಗ್ರಾಹಕ ಆಯೋಗದ ಬಾಗಿಲು ನಿಮಗೆ ಮುಚ್ಚಿಲ್ಲ. ಕಾರ್ಡಿನ ಷರತ್ತು ಮಾತ್ರ ಅಲ್ಲಿ ನಿಮ್ಮ ವಿರುದ್ಧ ವಾದಕ್ಕೆ ಬರುತ್ತದೆ. ಮಾರುವುದಕ್ಕಾಗಿ ಅರೆಯುವುದಿದ್ದರೆ ಅದನ್ನು ಅಂಗಡಿಯಲ್ಲೇ ಹೇಳಿ, ಅದಕ್ಕೆ ತಕ್ಕ ಗ್ರೈಂಡರ್ ಕೊಳ್ಳಿ. ಎರಡು ಮೂರು ಸಾವಿರ ಹೆಚ್ಚಾದರೂ ಅದೇ ಲಾಭ.

ಇನ್ನು ಮದುವೆ, ಗೃಹಪ್ರವೇಶಗಳ ಉಡುಗೊರೆ. ಒಂದೇ ಮದುವೆಗೆ ಎರಡು ಮಿಕ್ಸಿ ಬರುವುದು ನಮ್ಮಲ್ಲಿ ಮಾಮೂಲು. ಒಂದು ಒಲೆಯ ಪಕ್ಕಕ್ಕೆ, ಇನ್ನೊಂದು ಸಜ್ಜಾ ಮೇಲಕ್ಕೆ. ಮೊದಲನೆಯದು ಕೆಟ್ಟಾಗ ಎರಡನೆಯದನ್ನು ಇಳಿಸಿ ಡಬ್ಬಿ ಬಿಚ್ಚುತ್ತಾರೆ. ಆದರೆ ವಾರಂಟಿ ಲೆಕ್ಕ ಶುರುವಾಗುವುದು ಡಬ್ಬಿ ಬಿಚ್ಚಿದ ದಿನದಿಂದಲ್ಲ, ಬಿಲ್ಲಿನ ದಿನದಿಂದ. ಸಜ್ಜಾ ಮೇಲೆ ಕೂತಿದ್ದಾಗಲೇ ಅದರ ಅವಧಿ ಕಳೆದಿರುತ್ತದೆ. ಉಡುಗೊರೆ ಪಡೆದವರಿಗೆ ಹಕ್ಕಿಲ್ಲ ಅಂತ ಯಾರಾದರೂ ಅಂದರೆ ನಂಬಬೇಡಿ. ಕೊಂಡವರ ಒಪ್ಪಿಗೆಯಿಂದ ವಸ್ತು ಬಳಸುವವರೂ ಕಾನೂನಿನ ಕಣ್ಣಲ್ಲಿ ಗ್ರಾಹಕರೇ. ಬಿಲ್ಲು ಮಾತ್ರ ಬೇಕು. ಉಡುಗೊರೆ ಕೊಡುವವರು ಬಿಲ್ಲನ್ನು ಡಬ್ಬಿಯೊಳಗೇ ಇಟ್ಟು ಕೊಡುವ ಪದ್ಧತಿ ಬೆಳೆಸಿಕೊಳ್ಳಬೇಕು. ಬೆಲೆ ಕಾಣುತ್ತದೆಂಬ ಸಂಕೋಚ ಬೇಡ, ಎಂ.ಆರ್.ಪಿ. ಹೇಗೂ ಡಬ್ಬಿಯ ಮೇಲೇ ಇರುತ್ತದೆ.

ಬಿಲ್ಲಿನ ಮಾತು ಬಂತು. ಪೇಟೆ ಕಡೆಯ ಕೆಲವು ಅಂಗಡಿಗಳಲ್ಲಿ ‘ಬಿಲ್ ಹಾಕ್ಬೇಕಾ, ಇಲ್ಲ ಹಾಗೇ ಕೊಡ್ಲಾ? ಹಾಗೇ ಆದ್ರೆ ಒಂದಿನ್ನೂರು ಕಮ್ಮಿ’ ಅನ್ನುವ ಮಾತು ಇನ್ನೂ ಕೇಳುತ್ತದೆ. ಆ ಇನ್ನೂರು ರೂಪಾಯಿಗೆ ನೀವು ಮಾರುವುದು ನಿಮ್ಮ ವಾರಂಟಿಯನ್ನು. ಅಂಗಡಿ ಸೀಲು ಹೊಡೆದ ಕಾರ್ಡಿದ್ದರೂ ಬಿಲ್ಲಿಲ್ಲದೆ ಕೊಂಡ ದಿನವನ್ನು ಸಾಬೀತು ಮಾಡುವುದು ಕಷ್ಟ. ಬಿಲ್ಲು ಕೊಡದಿರುವುದನ್ನು 2019ರ ಗ್ರಾಹಕ ರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎಂದೇ ಪಟ್ಟಿ ಮಾಡಿದೆ. ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ, ವಾಪಸು ಪಡೆಯಲು ಒಪ್ಪದಿರುವುದೂ ಅದೇ ಪಟ್ಟಿಯಲ್ಲಿದೆ. ‘ಮಾರಿದ ಮಾಲು ವಾಪಸಿಲ್ಲ’ ಎಂಬ ಬೋರ್ಡಿಗೆ ಹೆದರಿ ಹಿಂದಿರುಗುವವರು ಇದನ್ನು ನೆನಪಿಡಬೇಕು. ಈಗಿನ ಬಿಲ್ಲುಗಳು ಬಿಸಿಗೆ ಅಚ್ಚಾಗುವ ನುಣುಪು ಕಾಗದದವು. ಒಲೆಯ ಮೇಲಿನ ಕಪಾಟಿನಲ್ಲಿಟ್ಟರೆ ಕೆಲವು ತಿಂಗಳಲ್ಲಿ ಅಕ್ಷರ ಮಾಸಿ ಬಿಳಿ ಹಾಳೆ ಉಳಿಯುತ್ತದೆ. ಕೊಂಡ ದಿನವೇ ಬಿಲ್ಲು, ಕಾರ್ಡು, ಮಿಕ್ಸಿಯ ಅಡಿಯ ಸೀರಿಯಲ್ ನಂಬರು, ಈ ಮೂರರ ಫೋಟೊ ತೆಗೆದು ಮನೆಯ ವಾಟ್ಸ್ಆ್ಯಪ್ ಗುಂಪಿಗೆ ಹಾಕಿಬಿಡಿ.

ಆನ್‌ಲೈನಿನಲ್ಲಿ ಕೊಳ್ಳುವವರು ಒಂದು ವಿಷಯ ನೋಡಿಕೊಳ್ಳಬೇಕು. ವಾರಂಟಿ ತಯಾರಕರದೋ ಮಾರಾಟಗಾರರದೋ? ಮಾರಾಟಗಾರರದಾದರೆ ನಿಮ್ಮೂರಿನ ಸರ್ವಿಸ್ ಸೆಂಟರಿಗೂ ಅದಕ್ಕೂ ಸಂಬಂಧವಿರುವುದಿಲ್ಲ. ಜಾಲತಾಣದ ಅಂಗಡಿಗಳು ಮಾರಾಟಗಾರರ ವಿವರ, ವಾರಂಟಿ ಮಾಹಿತಿ ತೋರಿಸಬೇಕು, ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ತಿಂಗಳೊಳಗೆ ಪರಿಹರಿಸಬೇಕು ಎಂದು 2020ರ ಇ-ಕಾಮರ್ಸ್ ನಿಯಮಗಳು ಹೇಳುತ್ತವೆ. ಇನ್ನು ಕೌಂಟರಿನಲ್ಲಿ ‘ನಾನೂರು ಕೊಟ್ಟರೆ ಇನ್ನೆರಡು ವರ್ಷ ಎಕ್ಸ್‌ಟೆಂಡೆಡ್ ವಾರಂಟಿ’ ಅನ್ನುತ್ತಾರಲ್ಲ, ಮೂರು ಸಾವಿರದ ಮಿಕ್ಸಿಗೆ ಅದು ದಂಡ ಅನ್ನುವುದು ನನ್ನ ಅಭಿಪ್ರಾಯ. ಅದನ್ನು ಎಷ್ಟೋ ಸಲ ಕೊಡುವುದು ಕಂಪನಿಯಲ್ಲ, ಬೇರೆ ಸಂಸ್ಥೆ. ಸವೆಯುವ ಭಾಗಗಳನ್ನು ಅದೂ ಹೊರಗೇ ಇಡುತ್ತದೆ. ಆ ದುಡ್ಡಿನಲ್ಲಿ ಎರಡು ಸಲ ಬುಷ್ ಬದಲಾಯಿಸಬಹುದು.

ಸರ್ವಿಸ್ ಸೆಂಟರಿನ ಮೇಜಿನ ಮುಂದೆ ನಿಂತಾಗ ದನಿ ಏರಿಸುವುದಕ್ಕಿಂತ ಪೆನ್ನು ಹೆಚ್ಚು ಕೆಲಸ ಮಾಡುತ್ತದೆ. ವಸ್ತು ಒಪ್ಪಿಸಿದಾಗ ಜಾಬ್ ಶೀಟ್ ಕೇಳಿ ಪಡೆಯಿರಿ, ಅದರಲ್ಲಿ ದೂರು ಏನೆಂದು ಬರೆದಿದ್ದಾರೆ ಓದಿ. ‘ತಿರುಗುತ್ತಿಲ್ಲ’ ಅನ್ನುವುದಕ್ಕೂ ‘ಸುಟ್ಟಿದೆ’ ಅನ್ನುವುದಕ್ಕೂ ಮುಂದೆ ವ್ಯತ್ಯಾಸವಾಗುತ್ತದೆ. ವಾರಂಟಿ ಕೊಡುವುದಿಲ್ಲ ಅಂದರೆ ಯಾವ ಷರತ್ತಿನ ಪ್ರಕಾರ, ಯಾವ ಕಾರಣಕ್ಕೆ ಅನ್ನುವುದನ್ನು ಬರೆದುಕೊಡಿ ಅನ್ನಿ. ನಮ್ಮ ಪಕ್ಕದ ಮನೆಯವರ ಗ್ರೈಂಡರಿನ ವಿಷಯದಲ್ಲಿ ‘ಲೋಡ್ ಜಾಸ್ತಿ’ ಅಂತ ಬಾಯಲ್ಲಿ ಹೇಳಿದವರು, ಬರೆದುಕೊಡಿ ಎಂದ ಕೂಡಲೇ ಒಳಗೆ ಹೋಗಿ ಮೇಲಿನವರನ್ನು ಕೇಳಿ ಬಂದರು. ಭಾಗ ಉಚಿತವಾಗಿ ಬದಲಾಯಿತು, ಕೂಲಿ ಮಾತ್ರ ತೆಗೆದುಕೊಂಡರು. ಎಲ್ಲ ಸಲವೂ ಹೀಗಾಗುತ್ತದೆ ಅಂತಲ್ಲ. ಆದರೆ ಸುಮ್ಮನೆ ಹೇಳಿ ಕಳಿಸುವಷ್ಟು ಸುಲಭವಾಗಿ ಯಾರೂ ಬರೆದು ಸಹಿ ಹಾಕುವುದಿಲ್ಲ.

ಅಲ್ಲಿಗೂ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕನ್ನಡದಲ್ಲೇ ಮಾತನಾಡಬಹುದು. ಅವರು ದೂರನ್ನು ಕಂಪನಿಗೆ ದಾಟಿಸುತ್ತಾರೆ. ಸಣ್ಣ ಬೆಲೆಯ ವಸ್ತುಗಳ ವ್ಯಾಜ್ಯಕ್ಕೆ ಮೊದಲು ಹಿಡಿಯಬೇಕಾದ ದಾರಿ ಇದೇ. ಕೊನೆಯ ಮೆಟ್ಟಿಲು ಜಿಲ್ಲಾ ಗ್ರಾಹಕ ಆಯೋಗ. 2020ರ ಜುಲೈ 20ರಿಂದ ಜಾರಿಯಲ್ಲಿರುವ ಹೊಸ ಕಾಯ್ದೆಯಿಂದ ನಮಗೆ ಆದ ದೊಡ್ಡ ಅನುಕೂಲವೆಂದರೆ ಕಂಪನಿಯ ಕಚೇರಿ ದೆಹಲಿಯಲ್ಲಿರಲಿ, ಕೊಯಮತ್ತೂರಿನಲ್ಲಿರಲಿ, ನೀವು ವಾಸವಿರುವ ಅಥವಾ ಕೆಲಸ ಮಾಡುವ ಜಾಗದ ಆಯೋಗದಲ್ಲೇ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ತಕರಾರು ಹುಟ್ಟಿದ 2 ವರ್ಷದೊಳಗೆ ಹೋಗಬೇಕು. ಅಲ್ಲಿ ವಾರಂಟಿ ಕಾರ್ಡೇ ಅಂತಿಮ ಅಲ್ಲ. ಮಾರಿದವರು ಹೇಳಿಕೊಂಡ ಗುಣಮಟ್ಟ ವಸ್ತುವಿಗೆ ಇಲ್ಲದಿದ್ದರೆ ಅದೂ ದೋಷವೇ.

ಕುಕ್ಕರ್ ಸಿಡಿದು ಯಾರಿಗಾದರೂ ಸುಟ್ಟ ಗಾಯವಾದರೆ ಮಾತೇ ಬೇರೆ. ಆಗ ವಾರಂಟಿಯ ವರ್ಷ ಎಣಿಸುತ್ತ ಕೂರಬೇಡಿ. ವಸ್ತುವಿನ ದೋಷದಿಂದ ಜನರಿಗೆ ಆದ ಹಾನಿಗೆ ತಯಾರಕರೂ ಮಾರಾಟಗಾರರೂ ಹೊಣೆಯಾಗುವ ಪ್ರತ್ಯೇಕ ಅಧ್ಯಾಯವೇ 2019ರ ಕಾಯ್ದೆಯಲ್ಲಿದೆ. ಮನೆಬಳಕೆಯ ಕುಕ್ಕರಿಗೆ 2021ರ ಫೆಬ್ರುವರಿಯಿಂದ ಐಎಸ್‌ಐ ಗುರುತು ಕಡ್ಡಾಯ. ಆ ಗುರುತಿಲ್ಲದ ಕುಕ್ಕರನ್ನು ಎಷ್ಟೇ ಅಗ್ಗಕ್ಕೆ, ಎಷ್ಟೇ ವರ್ಷದ ವಾರಂಟಿಗೆ ಕೊಟ್ಟರೂ ಮನೆಗೆ ತರಬೇಡಿ.

ಮೋಟರಿನ ವರ್ಷಗಳನ್ನು ದಪ್ಪಕ್ಷರದಲ್ಲಿ ಹಾಕುವ ಕಂಪನಿಗಳು ಜಾರಿನ ಬುಷ್‌ಗೂ ಕಪ್ಲರಿಗೂ ಇರುವ ಅವಧಿಯನ್ನು ಅಷ್ಟೇ ದಪ್ಪದಲ್ಲಿ, ಕನ್ನಡದಲ್ಲೂ ಹಾಕಲಿ ಅನ್ನುವುದು ನನ್ನ ಬೇಡಿಕೆ. ಅದು ಆಗುವವರೆಗೆ ಕೇಳುವ ಕೆಲಸ ನಮ್ಮದು. ಮುಂದಿನ ಸಲ ಅಂಗಡಿಯವರು ‘ಐದು ವರ್ಷ ವಾರಂಟಿ’ ಅಂದಾಗ ದುಡ್ಡು ಕೊಡುವ ಮೊದಲು ‘ಜಾರಿಗೆ ಎಷ್ಟು, ಸರ್ವಿಸ್ ಸೆಂಟರ್ ಎಲ್ಲಿದೆ, ಹೊತ್ತುಕೊಂಡು ಹೋಗುವವರು ಯಾರು?’ ಅಂತ ಕೇಳಿ. ಉತ್ತರವನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬರೆಯಲು ಒಪ್ಪದ ಅಂಗಡಿಯಿಂದ ಕೊಳ್ಳಬೇಡಿ.